ನಿನ್ನೆಯ ಮಲ್ಲಿಗೆ ದರ

ನಮ್ಮ ಹಡಗಲಿ ಮನೆಯಲ್ಲಿ ತಂಪಾಗಿರುವುದು ಒಂದೇ ಕೋಣೆ. ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಕಲ್ಲಿನ ನೆಲ, ಬಿಸಿಲು ಬಾರದ ಕಡೆಗೊಂದು ಸಣ್ಣ ಕಿಟಕಿ. ಅಪ್ಪ ಇದ್ದಾಗಿನಿಂದಲೂ ಅದು ಮಲ್ಲಿಗೆಯ ಕೋಣೆ. ಬೆಳಗಿನ ಮೊಗ್ಗು ಬಂದಕೂಡಲೇ ಒದ್ದೆ ಬಟ್ಟೆ ಹಾಸಿದ ಬುಟ್ಟಿಗಳಲ್ಲಿ ಅಲ್ಲಿ ಕೂರಬೇಕು, ಬಸ್ಸಿನ ಹೊತ್ತಾಗುವ ತನಕ ಅರಳದೆ ಇರಬೇಕು. ೨೦೦೭ರಲ್ಲಿ ನನ್ನ ಮದುವೆಯಾಗಿ ಹರಪನಹಳ್ಳಿಯಿಂದ ಶೈಲಾ ಬಂದಳು. ಅವಳ ಜೊತೆ ಟ್ರಂಕು, ಪಾತ್ರೆ, ಹಾಸಿಗೆ ಬಂದವು. ಕೊನೆಗೆ ಟೆಂಪೋದಿಂದ ಒಂದು ಕಂಪ್ಯೂಟರೂ ಇಳಿಯಿತು. ಮದುವೆಗೆ ಮುಂಚೆ ಅವಳು ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಆ ಸಂಬಳದಲ್ಲಿ ತಾನೇ ಕೊಂಡ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಅದು. ಬಿಸಿಯಾದರೆ ನಿಂತುಬಿಡುತ್ತದೆ, ತಂಪಾದ ಜಾಗ ಬೇಕು ಅಂದಳು. ತಂಪಾದ ಜಾಗ ಯಾವುದು ಅಂತ ಆಗಲೇ ಹೇಳಿದ್ದೇನೆ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಮಹಾಯುದ್ಧ. ಕಂಪ್ಯೂಟರಿಗೆ ನೀರು ತಾಗಬಾರದು, ಮೊಗ್ಗಿಗೆ ನೀರು ಚಿಮುಕಿಸದೆ ಆಗದು. ನಡುವೆ ಒಂದು ಗೋಣಿಚೀಲದ ಪರದೆ ಕಟ್ಟಿದೆ. ಪರದೆಯ ಈಚೆ ಅತ್ತೆ, ಆಚೆ ಸೊಸೆ. ನಾನು ಬಾಗಿಲಲ್ಲಿ.

ನನ್ನ ಅವ್ವ ನೀಲಗಂಗಮ್ಮ ಮಲ್ಲಿಗೆ ವ್ಯಾಪಾರದವಳು. ನಮ್ಮ ತೋಟದ್ದಲ್ಲದೆ ಹಿರೇಹಡಗಲಿ ಕಡೆಯ ಸಣ್ಣ ಬೆಳೆಗಾರರ ಮೊಗ್ಗೂ ಅವಳ ಕೈಯಿಂದಲೇ ಪೇಟೆಗೆ ಹೋಗುತ್ತದೆ. ಆಳುವುದು ಅವಳು, ಹೊರುವುದು ನಾನು. ದಿನಾ ಬೆಳಿಗ್ಗೆ ಅವಳ ಮುಂದಿರುವ ಪ್ರಶ್ನೆ ಒಂದೇ: ಹೆಚ್ಚಿನ ಬುಟ್ಟಿಗಳು ಹಗರಿಬೊಮ್ಮನಹಳ್ಳಿ ಮೇಲೆ ಹೊಸಪೇಟೆಗೆ ಹೋಗಬೇಕೋ, ಹರಪನಹಳ್ಳಿ ಮೇಲೆ ದಾವಣಗೆರೆಗೆ ಹೋಗಬೇಕೋ? ಬಸ್ಸಿಗೆ ಹತ್ತಿಸಿದ ಮೇಲೆ ಮುಗಿಯಿತು, ಮಲ್ಲಿಗೆ ಮರಳಿ ಬರುವ ಸರಕಲ್ಲ. ದರ ಸಿಗದಿದ್ದರೆ ಸಂಜೆಗೆ ಅದು ಅರಳಿ ನಗುತ್ತದೆ, ನಾವು ಅಳಬೇಕು. ದಲ್ಲಾಳಿಗಳಿಗೆ ಫೋನ್ ಮಾಡಿ ದರ ಕೇಳಿದರಾಯಿತಲ್ಲ ಅನ್ನುವವರು ದಲ್ಲಾಳಿಗಳನ್ನು ಕಂಡವರಲ್ಲ. "ಕಳಸ್ರಿ ಅಕ್ಕಾರ, ನೋಡೋಣ" ಅಂತ ಎಲ್ಲ ಊರಿನಿಂದಲೂ ಅದೇ ಉತ್ತರ.

ಮದುವೆಯಾದ ಮರುವರ್ಷ, ಬೇಸಿಗೆಯ ಮೊಗ್ಗು ರಾಶಿ ರಾಶಿ ಬಂದು ಬುಟ್ಟಿಗಳಿಗೆ ಜಾಗ ಸಾಲದಾದಾಗ ಅವ್ವ ಪರದೆ ಸರಿಸಿ ನಿಂತಳು.

"ಹೂವಿನ ಜಾಗ ತಿನ್ನಾಕತ್ತೈತಿ ಇದು. ಗೌರಿ ಹಬ್ಬದ ತನಕ ನೋಡ್ತೀನಿ. ಅಷ್ಟರಾಗ ಈ ಮನಿಗೆ ಏನರ ಉಪಯೋಗ ಆತು, ಇರ್ಲಿ. ಆಗದಿದ್ರ ತೌಸೀಫ್ ಒಯ್ಯಲಿ."

ತೌಸೀಫ್ ನನ್ನ ಗೆಳೆಯ, ಹಗರಿಬೊಮ್ಮನಹಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಹಾಡು ತುಂಬಿಸಿ ಕೊಡಲು ಒಂದು ಕಂಪ್ಯೂಟರ್ ಬೇಕು ಅಂತ ಅವನು ಆಗಲೇ ಕೇಳಿಟ್ಟಿದ್ದ. ಆಮೇಲೆ ಶೈಲಾ ಹಿತ್ತಲಲ್ಲಿ ನನಗೊಬ್ಬನಿಗೇ ಹೇಳಿದಳು:

"ನಾ ದುಡದು ತಂದಿದ್ದು ಈ ಮನ್ಯಾಗ ಅದೊಂದರೀ. ಅದೂ ಹೋದ್ರ ನಾ ಹೂ ಕಟ್ಟಾಕಷ್ಟ ಉಳಿತೀನಿ. ಹೂ ಕಟ್ಟಾಕರ ನನಗ ಎಲ್ಲಿ ಬರ್ತೈತಿ?"

ಕಣ್ಣು ತುಂಬಿಕೊಂಡು ನಕ್ಕಳು. ನನಗೆ ಸಂಕಟವಾಯಿತು. ಅವ್ವನ ಮೇಲೆ ಸಿಟ್ಟೂ ಬಂತು. ಆದರೆ ಅವ್ವನ ಮೇಲೆ ಸಿಟ್ಟು ತೀರಿಸಿಕೊಂಡವರು ನಮ್ಮ ವಂಶದಲ್ಲಿ ಯಾರೂ ಹುಟ್ಟಿಲ್ಲ, ನಾನೂ ಆ ಪದ್ಧತಿ ಮುರಿಯಲಿಲ್ಲ.

ದಾರಿ ತೋರಿಸಿದವನು ತೌಸೀಫನೇ, ಪಾಪ, ತನಗೆ ಬರಬೇಕಿದ್ದ ಕಂಪ್ಯೂಟರಿಗೆ ತಾನೇ ಕಲ್ಲು ಹಾಕಿಕೊಂಡ. ಹೂ ಬೆಳೆಗಾರರ ಒಕ್ಕೂಟವೊಂದು ಮೂರು ಊರಿನ ಹರಾಜಿನ ದರವನ್ನು ದಿನಾ ಬೆಳಿಗ್ಗೆ ಇಂಟರ್ನೆಟ್ಟಿಗೆ ಹಾಕುತ್ತಿದೆ, ಬೇರೆ ಪ್ರೋಗ್ರಾಮುಗಳೂ ಕೇಳಿ ತಿಳಿದುಕೊಳ್ಳುವಂತೆ ಒಂದು ವೆಬ್ ಸೇವೆಯನ್ನೂ ಇಟ್ಟಿದೆ ಅಂತ ಯಾರೋ ಗಿರಾಕಿ ಅವನ ಅಂಗಡಿಯಲ್ಲಿ ಹೇಳಿದ್ದನಂತೆ. ಶೈಲಾಳ ಕಣ್ಣು ಅಗಲವಾದವು. ಮನೆಯ ಟೆಲಿಫೋನ್ ತಂತಿಯಿಂದ ಕಂಪ್ಯೂಟರಿಗೆ ಇಂಟರ್ನೆಟ್ ಬರುತ್ತಿತ್ತು. ಆದರೆ ಅದು ಆಮೆಯ ನಡಿಗೆ, ಮೇಲಾಗಿ ಬೆಳಗಿನ ಹೊತ್ತು ಕರೆಂಟು ಇದ್ದರೆ ಪುಣ್ಯ. ಅದೇ ದರ ನೇರವಾಗಿ ಅವ್ವನ ಕೈಯಲ್ಲಿರುವ ಮೊಬೈಲ್ ಫೋನಿಗೇ ಬಂದರೆ? ಅದಕ್ಕೊಂದು ಪ್ರೋಗ್ರಾಮು ಬರೆಯಲು ಶೈಲಾ ಕೂತಳು.

ಇಂಥ ಸೇವೆಯ ಜೊತೆ ಮಾತಾಡಲು ಬೇಕಾದ ಕೋಡನ್ನು ಯಾರೋ ಬಲ್ಲವರು ಮೊದಲೇ ಬರೆದು ಗಂಟು ಕಟ್ಟಿಟ್ಟಿರುತ್ತಾರಂತೆ. ಅದಕ್ಕೆ ಲೈಬ್ರರಿ ಅನ್ನುತ್ತಾರೆ. ನಮ್ಮ ಪ್ರೋಗ್ರಾಮಿಗೆ ಅದನ್ನು ಜೋಡಿಸಿಕೊಂಡರೆ ಕೆಲಸ ಸಲೀಸು. ಒಕ್ಕೂಟದವರ ಸೂಚನೆಯಲ್ಲೂ ಹಾಗೇ ಇತ್ತು. ಶೈಲಾ ಜೋಡಿಸಿದಳು, ಅವ್ವನ ಫೋನು ಅದನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಕೈಯಗಲದ ಅಗ್ಗದ ಫೋನು ಅದು, ಅಷ್ಟು ದೊಡ್ಡ ಪ್ರೋಗ್ರಾಮಿಗೆ ಅದರಲ್ಲಿ ಜಾಗವಿರಲಿಲ್ಲ. ಹೊಸ ಫೋನು ಕೊಳ್ಳೋಣ ಅಂತ ಅವ್ವನ ಮುಂದೆ ಹೇಳುವ ಧೈರ್ಯ ಯಾರಿಗಿತ್ತು?

ಒಂದು ದಿನ ಪೂರ್ತಿ ಅವಳು ಮುಖ ಊದಿಸಿಕೊಂಡು ಕೂತಿದ್ದಳು. ಮರುದಿನ ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಕೈ ನಿಲ್ಲಿಸಿದಳು.

"ಅಲ್ಲರೀ, ಆ ಲೈಬ್ರರಿ ಮಾಡೂದರ ಏನು? ಒಂದು ಪತ್ರ ಬರೀತೈತಿ, ಲಕೋಟಿಗೆ ಹಾಕ್ತೈತಿ, ಕಳಸ್ತೈತಿ. ಬಂದ ಉತ್ರ ಒಡದು ಓದ್ತೈತಿ. ಅಷ್ಟನ್ನ ನಾನ ಕೈಲೆ ಬರದ್ರ?"

ಆ ಪತ್ರದ ಹೊರಗವಚಕ್ಕೆ ಕಂಪ್ಯೂಟರ್ ಬಲ್ಲವರ ಭಾಷೆಯಲ್ಲಿ ಹೆಸರೇ ಲಕೋಟೆ. ಕಂಪ್ಯೂಟರಿನಲ್ಲಿ ಲೈಬ್ರರಿ ಜೋಡಿಸಿ ಒಮ್ಮೆ ದರ ಕೇಳಿಸಿದಳು. ಅದು ಏನೇನು ಬರೆದು ಕಳಿಸುತ್ತದೆ ಅಂತ ಹಿಡಿದು ಸಾಲು ಸಾಲಾಗಿ ನೋಡಿದಳು. ಅದೇ ಪತ್ರವನ್ನು, ಒಂದು ಚುಕ್ಕಿಯೂ ಬಿಡದೆ, ತನ್ನ ಪ್ರೋಗ್ರಾಮಿನೊಳಗೆ ಬರೆದಿಟ್ಟಳು. ಊರಿನ ಹೆಸರು ಮಾತ್ರ ಬದಲಾಗಬೇಕು. ಒಂದು ಖಾಲಿ ಸಾಲು ಬಿಟ್ಟುಹೋದರೂ ಆಚೆಯವರು ಪತ್ರ ಮುಟ್ಟುವುದಿಲ್ಲ. ಮೊದಲ ಸಲ ಫೋನಿನಿಂದ ಕಳಿಸಿದಾಗ ತಿರುಗಿ ಐದುನೂರು ಅಂತ ಬಂತು. ಮಲ್ಲಿಗೆಗೆ ಐದುನೂರು ದರವೇ ಅಂತ ನಾನು ಕುಣಿದೆ. ಅದು ಆಚೆಯವರ ಬೈಗುಳವಂತೆ. ತಪ್ಪಾದ ಪತ್ರಕ್ಕೆ ಅವರು ಕಳಿಸುವ ನಂಬರಂತೆ.

ಬೈಸಿಕೊಂಡು ಬೈಸಿಕೊಂಡು ಕೊನೆಗೆ ಸರಿಯಾಯಿತು. ಉತ್ತರದ ಪತ್ರದಲ್ಲಿ ಊರಿಗೊಂದು ಜಾಗ, ಆ ಜಾಗದಲ್ಲಿ ದರ. ಅದನ್ನಷ್ಟೇ ಕತ್ತರಿಸಿ ತೆಗೆದು ಫೋನಿನ ಪರದೆಯ ಮೇಲೆ ತೋರಿಸಬೇಕು. ಆ ಫೋನಿಗೆ ಕನ್ನಡ ಅಕ್ಷರ ಬಾರದು, ಅವ್ವನಿಗೆ ಇಂಗ್ಲಿಷ್ ಬಾರದು. ಶೈಲಾ ಹೊಸಪೇಟೆ, ದಾವಣಗೆರೆ, ಹರಪನಹಳ್ಳಿ ಅಂತ ಕನ್ನಡ ಅಕ್ಷರಗಳನ್ನೇ ಪುಟ್ಟ ಪುಟ್ಟ ಚಿತ್ರವಾಗಿ ಬರೆದಳು, ಅಂಗಡಿಯ ಬೋರ್ಡಿನ ಹಾಗೆ. ದರ ಬಾರದಿದ್ದಾಗ ತೋರಿಸಲು "ಇಲ್ಲ" ಅಂತ ಇನ್ನೊಂದು ಚಿತ್ರ. ನನ್ನ ಹೆಂಡತಿ ಬುದ್ಧಿವಂತೆ ಅಂತ ಊರೆಲ್ಲ ಡಂಗುರ ಹೊಡೆಯಬೇಕು ಅನ್ನಿಸಿತು. ಹೊಡೆದೆ ಕೂಡ. ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಕಂಡಕ್ಟರುಗಳು ತಪ್ಪಿಸಿಕೊಂಡು ಓಡಾಡುವಷ್ಟು.

ಮೊದಲ ಬೆಳಿಗ್ಗೆ ಅವ್ವ ಮೊಗ್ಗಿನ ರಾಶಿಯ ಮುಂದೆ ಕೂತು ಗುಂಡಿ ಒತ್ತಿದಳು. ಹೊಸಪೇಟೆಯ ದರ ಬಂತು, ದಾವಣಗೆರೆಯದೂ ಬಂತು. ಹರಪನಹಳ್ಳಿಯದು ಒಕ್ಕೂಟದವರು ಇನ್ನೂ ಹಾಕಿರಲಿಲ್ಲ. ಅಲ್ಲಿ ಶೈಲಾ ಬರೆದ ಚಿತ್ರ ಮೂಡಿತು. ಅವ್ವ ಚೇಳು ಕಡಿದವಳಂತೆ ಫೋನನ್ನು ಒದ್ದೆ ಬಟ್ಟೆಯ ಮೇಲೆ ಎಸೆದಳು.

"ಬೋಣಿಗಿ ಹೊತ್ತಿನ್ಯಾಗ ನನ್ನ ಕೈಯಾಗಿಂದ ಡಬ್ಬಿ ಇಲ್ಲ ಅಂತೈತಿ! ಯಾರ್ ಕಲಿಸ್ಯಾರ ಇದಕ್ಕ?"

ಇದನ್ನು ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ದಿನದ ಮೊದಲ ವ್ಯಾಪಾರ, ಅಂದರೆ ಬೋಣಿಗೆ, ಆಗುವ ತನಕ ಇಲ್ಲ ಅನ್ನುವ ಮಾತು ಯಾರ ಬಾಯಲ್ಲೂ ಬರಕೂಡದು. ಉಪ್ಪು ಮುಗಿದಿದ್ದರೆ "ಉಪ್ಪು ಹೆಚ್ಚಾಗೇತಿ" ಅನ್ನಬೇಕು. ಭಿಕ್ಷೆಗೆ ಬಂದವರಿಗೆ "ಮುಂದ ನೋಡ್ರಿ" ಅನ್ನಬೇಕು. ಸಾಲ ಕೇಳಲು ಬಂದವರಿಗೂ "ನಾಳಿ ಬರ್ರಿ" ಅಂದೇ ನಮ್ಮಜ್ಜಿ ಕಾಲ ಹಾಕಿದವಳು. ಹೀಗೆ ಪೀಳಿಗೆಗಳಿಂದ ಕಾಪಾಡಿಕೊಂಡು ಬಂದ ಹೊತ್ತಿನಲ್ಲಿ ಒಂದು ಅಂಗೈಯಗಲದ ಫೋನು ಕಡ್ಡಿ ಮುರಿದಂತೆ ಇಲ್ಲ ಅಂದುಬಿಟ್ಟರೆ ಹೇಗಾಗಬೇಡ?

"ತಗದು ಹಾಕ್ತೀನಿ ಅತ್ತಿ," ಅಂದಳು ಶೈಲಾ, ಹೆದರಿ. ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ಅಂದೇ ಕೂತು ಬದಲಿಸಿದಳು: ಯಾವ ಊರಿನ ದರ ಬಾರದಿದ್ದರೂ ಇಲ್ಲ ಅನ್ನಬಾರದು, ಆ ಊರಿಗೆ ಹಿಂದಿನ ಸಲ ಬಂದಿದ್ದ ದರವನ್ನೇ ತೋರಿಸಬೇಕು. ನಿನ್ನೆಗೂ ಇವತ್ತಿಗೂ ಅಂಥ ವ್ಯತ್ಯಾಸವೇನು ಇರುವುದಿಲ್ಲವಲ್ಲ. ಅವ್ವ ಮೂರೂ ಊರಿನ ಮುಂದೆ ಅಂಕಿ ಕಂಡು ಫೋನನ್ನು ಕಣ್ಣಿಗೊತ್ತಿಕೊಂಡಳು. ನಾನೂ ಭೇಷ್ ಅಂದೆ.

ಆಮೇಲಿನ ದಿನಗಳು ಎಷ್ಟು ಚೆನ್ನಾಗಿದ್ದವು! ದಲ್ಲಾಳಿಗಳು "ನೋಡೋಣ" ಅಂದರೆ ಅವ್ವ "ನಾ ನೋಡೀನಿ" ಅಂತ ದರ ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಹಿರೇಹಡಗಲಿಯ ಹೆಂಗಸರು ಮೊಗ್ಗು ತಂದಾಗ ಫೋನು ನೋಡದೆ ಹೋಗುತ್ತಿರಲಿಲ್ಲ. ಆದರೂ ಕಂಪ್ಯೂಟರ್ ಇರಲಿ ಅಂತ ಅವ್ವ ಬಾಯಿಬಿಟ್ಟು ಹೇಳಲಿಲ್ಲ. "ಹಬ್ಬ ಬರ್ಲಿ" ಅನ್ನುತ್ತಿದ್ದಳು.

ಹಬ್ಬದ ಹಿಂದಿನ ದಿನ ಬಂತು. ಮೊಗ್ಗು ಕಡಿಮೆ, ಬೇಡಿಕೆ ಜಾಸ್ತಿ. ಹೆಂಗಸರು ಕತ್ತಲಿರುವಾಗಲೇ ಕಿತ್ತು ತಂದಿದ್ದರು. ಫೋನಿನಲ್ಲಿ ದಾವಣಗೆರೆಯ ದರ ಉಳಿದ ಎರಡಕ್ಕಿಂತ ಎಷ್ಟೋ ಮೇಲಿತ್ತು. ದಿನಾ ಎರಡೂ ಬಸ್ಸಿಗೆ ಹಂಚಿ ಕಳಿಸುವ ಅವ್ವ ಅಂದು ನನ್ನ ಮುಖ ನೋಡಿ, "ಎಲ್ಲಾನೂ ದಾವಣಗೆರಿಗೇ ಹಾಕು," ಅಂದಳು. ಎಲ್ಲಾ ಅಂದರೆ ನಮ್ಮದು, ಊರವರದು, ಹಿರೇಹಡಗಲಿಯವರದು. ಬಸ್ಸಿನ ಮೇಲೆ ಬುಟ್ಟಿ ಹತ್ತಿಸಿ, ಹಗ್ಗ ಬಿಗಿದು ಮನೆಗೆ ಬಂದೆ.

ಪಡಸಾಲೆಯಲ್ಲಿ ಶೈಲಾ ನಿಂತಿದ್ದಳು. ಅಪರೂಪಕ್ಕೆ ಕರೆಂಟು ಇದ್ದುದರಿಂದ ಕಂಪ್ಯೂಟರಿನಲ್ಲಿ ಒಕ್ಕೂಟದ ಪುಟ ತೆಗೆದು ನೋಡಿದ್ದಳಂತೆ.

"ಅತ್ತಿ, ದಾವಣಗೆರಿ ದರ ಇವತ್ತು ಬಂದಿಲ್ಲ. ಫೋನು ತೋರ್ಸಿದ್ದು ನಿನ್ನಿದು."

ಅವಳು ಸುಮ್ಮನಿರಬಹುದಿತ್ತು. ದಲ್ಲಾಳಿ ಕೈಕೊಟ್ಟ ಅಂತ ನಾವು ನಂಬಿಬಿಡುತ್ತಿದ್ದೆವು, ದಲ್ಲಾಳಿಗಳ ಮೇಲೆ ಏನು ಹೇಳಿದರೂ ನಂಬಲು ನಾವು ತಯಾರಿರುವವರೇ. ಹಬ್ಬಕ್ಕೆ ಒಂದೇ ದಿನ ಉಳಿದಾಗ ತನ್ನ ಕಂಪ್ಯೂಟರನ್ನು ತಾನೇ ಕೈಯಾರೆ ಕಳಕೊಳ್ಳುವ ಮಾತನ್ನು ಅವಳು ಬಂದು ಹೇಳಿದಳು. ನನಗೆ ಅವಳ ಮೇಲೆ ಹೆಮ್ಮೆ ಅನ್ನಿಸಿದ್ದು ಪತ್ರ ಬರೆದ ದಿನಕ್ಕಿಂತ ಅಂದೇ ಹೆಚ್ಚು.

ಅವ್ವ ದಾವಣಗೆರೆಯ ದಲ್ಲಾಳಿ ಬಂಗಾರಪ್ಪನಿಗೆ ಫೋನ್ ಹಚ್ಚಿದಳು. ಹೂವಿನ ಪೇಟೆಯ ಹಿರಿಯ ವ್ಯಾಪಾರಿಯೊಬ್ಬರು ತೀರಿಕೊಂಡಿದ್ದರು. ಮಣ್ಣು ಮಾಡುವುದು ಮುಗಿಯುವ ತನಕ ಹರಾಜಿಲ್ಲ, ಎಲ್ಲ ಅಂಗಡಿ ಬಾಗಿಲು ಹಾಕಿದ್ದಾರೆ ಅಂದ.

"ಮೂರುಸಂಜಿ ಆಗಬೌದು ಅಕ್ಕಾರ. ಇವತ್ತು ಹೂವು ಕಳಸಬ್ಯಾಡ್ರಿ."

"ಕಳಿಸಿ ಆತಪಾ," ಅಂದಳು ಅವ್ವ. ಫೋನು ಇಟ್ಟು ಹಾಗೇ ಕೂತಳು.

"ಬಸ್ಸು ಇನ್ನೂ ಹರಪನಹಳ್ಳಿ ಮುಟ್ಟಿರಾಂಗಿಲ್ಲ ಅತ್ತಿ. ವಹಾಬಣ್ಣಗ ಹೇಳ್ರಿ, ಇಳಿಸಿಕೊಳ್ಳಲಿ," ಅಂದಳು ಶೈಲಾ.

ಅಬ್ದುಲ್ ವಹಾಬ ಹರಪನಹಳ್ಳಿಯಲ್ಲಿ ನಮ್ಮ ಹೂವು ಕೊಳ್ಳುವವನು, ಅಪ್ಪನ ಕಾಲದ ಒಡನಾಟ. ಬಸ್ಸಿಗೆ ಅಡ್ಡ ನಿಂತಾದರೂ ಇಳಿಸಿಕೊಳ್ಳುತ್ತೇನೆ ಅಂದ. "ಆದ್ರೆ ಅಕ್ಕ, ಇಷ್ಟೊಂದು ಬಿಡಿ ಮೊಗ್ಗು ನಮ್ಮೂರಾಗೆ ಯಾರು ತಗೊಂತಾರೆ?"

ಅವ್ವನಿಗೆ ಜೀವ ಬಂತು. "ಬಿಡಿ ಯಾಕ ಮಾರ್ತಿ? ಕಟ್ಟಿಸು. ನಾಳಿ ಗೌರಿ ಹಬ್ಬ, ಕಟ್ಟಿದ ಮಾಲಿ ಎಲ್ಲಾ ಊರಿಗೂ ಬೇಕು. ನಾವೂ ಹೊಂಟ್ವಿ."

ಸಿಕ್ಕ ಜೀಪು ಹತ್ತಿ ಮೂವರೂ ಹೋದೆವು. ಹೋಗುವಷ್ಟರಲ್ಲಿ ವಹಾಬನ ಹೆಂಡತಿ ದಾವಲ್ ಬೀ ಓಣಿಯ ಹೆಂಗಸರನ್ನೆಲ್ಲ ಅಂಗಳದಲ್ಲಿ ಕೂರಿಸಿದ್ದಳು. ಅವಳ ಮಗಳು ಸಲ್ಮಾ ದಾರ ಒದ್ದೆ ಮಾಡಿ ಮಾಡಿ ಕೊಡುತ್ತಿದ್ದಳು. ಆ ಸಂಜೆ ಚಂದ್ರ ಕಂಡರೆ ಮರುದಿನದಿಂದ ಅವರಿಗೆ ರಂಜಾನಿನ ರೋಜಾ ಉಪವಾಸ. "ನಾಳೆ ಕೇಳಿದ್ರೂ ಚಾ ಕುಡಿಯಂಗಿಲ್ಲ, ಇವತ್ತೇ ಕುಡ್ಕೊಂಡು ಕಟ್ರಮ್ಮಾ," ಅಂತ ದಾವಲ್ ಬೀ ನಗಿಸುತ್ತಿದ್ದಳು. ಅವ್ವನ ಬೆರಳು ಓಡಿದವು. ಶೈಲಾ ಕಟ್ಟಿದ ಮಾಲೆ ಎತ್ತಿದರೆ ಮೊಗ್ಗು ಒಂದೊಂದೇ ಉದುರುತ್ತಿದ್ದವು. ಅವ್ವ ಅವಳ ಕೈ ಹಿಡಿದು ಗಂಟು ಹಾಕುವುದನ್ನು ತೋರಿಸಿಕೊಟ್ಟಳು, ಬೈಯದೆ. ಬೈಯದೆ ಇದ್ದದ್ದಕ್ಕೇ ನನಗೆ ಭಯವಾಯಿತು.

ಕಟ್ಟಿದ್ದರಲ್ಲಿ ಒಂದಷ್ಟು ಕೂಡ್ಲಿಗಿ ಬಸ್ಸು ಹತ್ತಿತು, ಒಂದಷ್ಟನ್ನು ನನ್ನ ತಲೆಗೆ ಹೊರಿಸಿ ಕೊಟ್ಟೂರಿಗೆ ಅಟ್ಟಿದರು. ಜೀವಮಾನದಲ್ಲಿ ಹೂವು ಹೊತ್ತವನೇ ಹೊರತು ಮಾರಿದವನಲ್ಲ ನಾನು. ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಮೊದಲು ನಾಚಿಕೆಯಿಂದ ಪಿಸುಗುಟ್ಟಿದೆ, ಆಮೇಲೆ "ಹಡಗಲಿ ಮಲ್ಲಿಗೀ!" ಅಂತ ಗಂಟಲು ಹರಿಯುವಂತೆ ಕೂಗಿದೆ. ಹಬ್ಬದ ಸಂತೆಗೆ ಬಂದ ಹೆಂಗಸರು ಮುತ್ತಿಕೊಂಡರು. ಬುಟ್ಟಿ ಬರಿದಾದಾಗ ಇನ್ನಷ್ಟು ತರಬೇಕಿತ್ತು ಅನ್ನಿಸಿತು. ಬೆಳೆಗಾರರಿಗೆ ಕೊಡಬೇಕಾದ್ದು ಹುಟ್ಟಿತು, ಕಟ್ಟಿದವರ ಕೂಲಿಯೂ ಹುಟ್ಟಿತು. ನಮ್ಮ ಕೈಗೆ ಉಳಿದದ್ದು ಬೆರಳಿನ ಪರಿಮಳ ಮಾತ್ರ, ಆದರೂ ಮಾನ ಉಳಿಯಿತು.

ಸಂಜೆ ಹರಪನಹಳ್ಳಿಯಿಂದ ಮೂವರೂ ಬಸ್ಸಿನಲ್ಲಿ ಮರಳುವಾಗ ಶೈಲಾ ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು: "ತೌಸೀಫ್ ಅಣ್ಣಗ ಬಂದು ಒಯ್ಯಿ ಅಂತ ಹೇಳ್ಲೇನ ಅತ್ತಿ?"

ಅವ್ವ ಸೆರಗಿನ ಅಂಚು ತಿರುವಿದಳು.

"ಅದರ ಬಾಯಾಗ ಸುಳ್ಳು ತುರುಕಿದಾಕಿ ನಾನು," ಅಂದಳು. "ಮನ್ಯಾಗ ಉಪ್ಪು ಹೆಚ್ಚಾಗೇತಿ ಅಂದ್ರ, ಮುಗದೈತಿ ಅಂತ ಕೇಳಾಕಿಗೆ ತಿಳಿತೈತಿ. ಆ ಡಬ್ಬಿ ನಿನ್ನಿ ದರ ತೋರ್ಸಿದ್ರ ನನಗ ಹ್ಯಾಂಗ ತಿಳೀಬೇಕು? ಇದ್ದದ್ದನ್ನ ಇದ್ದಂಗ ಹೇಳಾಕ ಕಲಿಸು ಅದಕ್ಕ. ಬೋಣಿಗಿ ಹೊತ್ತಾದ್ರೂ ಸೈ."

ಕಂಪ್ಯೂಟರ್ ಇರಬೇಕೋ ಹೋಗಬೇಕೋ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಶೈಲಾ ಮನೆಗೆ ಬಂದವಳೇ ಇಲ್ಲ ಅನ್ನುವ ಆ ಹಳೆಯ ಚಿತ್ರವನ್ನು ಮತ್ತೆ ಜೋಡಿಸಿದಳು. ಇದೇ ನನ್ನ ಕಡೆಯ ಕೆಲಸ ಇರಬಹುದು, ನೆಟ್ಟಗಾದರೂ ಮಾಡುತ್ತೇನೆ ಅಂದಳು.

ಗೌರಿ ಹಬ್ಬದ ಬೆಳಿಗ್ಗೆ, ಯಾರೂ ಕರೆಯದಿದ್ದರೂ, ಅವ್ವನ ಗಡುವು ನೆನಪಿಟ್ಟು ತೌಸೀಫ್ ಬಂದೇಬಿಟ್ಟ, ಮಾತಿಗೆ ತಪ್ಪದವನು. ಬಾಗಿಲಲ್ಲಿ ಆಟೋ ನಿಲ್ಲಿಸಿ, ಕಂಪ್ಯೂಟರ್ ಸುತ್ತಲು ಹಳೆಯ ಕಂಬಳಿ ಬೇರೆ ತಂದಿದ್ದ. ಮೊಗ್ಗಿನ ರಾಶಿಯ ಮುಂದೆ ಅವ್ವ ಗುಂಡಿ ಒತ್ತಿದಳು. ಅವತ್ತು ನೆಟ್‌ವರ್ಕೇ ಸತ್ತಿತ್ತು. ಮೂರು ಊರಿನ ಮುಂದೂ ಅದೇ ಚಿತ್ರ ಮೂಡಿತು. ಅವ್ವ ಒಂದೊಂದಾಗಿ, ಗಟ್ಟಿಯಾಗಿ ಓದಿದಳು: "ಇಲ್ಲ. ಇಲ್ಲ. ಇಲ್ಲ." ನಾನು ತಲೆ ಎತ್ತಿ ಮೇಲೆ ನೋಡಿದೆ. ಮಾಳಿಗೆ ಬೀಳಲಿಲ್ಲ.

"ಶೈಲಾ, ಬಾ ಇಲ್ಲಿ."

ಶೈಲಾ ಅಡುಗೆಮನೆಯಿಂದ ಬಂದು ನಿಂತಳು. ಒಲೆಯ ಮೇಲೆ ಚಾ ಕುದಿಯುತ್ತಿತ್ತು.

"ಎಲ್ಲಿಗೆ ಕಳಸೋಣು?"

"ನನಗ ಗೊತ್ತಿಲ್ಲ ಅತ್ತಿ," ಅಂದಳು ಶೈಲಾ, ಸಣ್ಣ ದನಿಯಲ್ಲಿ.

"ನನಗೂ ಗೊತ್ತಿಲ್ಲ. ಗೊತ್ತಿಲ್ದ ಇಬ್ರೂ ಕೂತು ಯೋಚ್ನಿ ಮಾಡಿದ್ರ ಏನರ ಹೊಳಿತೈತಿ." ಅವ್ವ ತಾನು ಕೂತ ಚಾಪೆಯಲ್ಲಿ ಒಂದು ಮಗ್ಗುಲಿಗೆ ಸರಿದು ಜಾಗ ಮಾಡಿದಳು. ಅಪ್ಪ ಹೋದ ಮೇಲೆ ಆ ಚಾಪೆಯ ಮೇಲೆ ಇನ್ನೊಬ್ಬರು ಕೂತದ್ದನ್ನು ನಾನು ಕಂಡಿರಲಿಲ್ಲ. ಶೈಲಾ ಕೂತಳು. ಅವಳಿಗೆ ಅಳು ಬಂದದ್ದು ನನಗೆ ಗೊತ್ತಾಯಿತು, ನನಗೂ ಬಂತು.

"ತೌಸೀಫಾ, ಆ ಕಂಬಳಿ ಅಲ್ಲಿಡು," ಅಂದಳು ಅವ್ವ, ತಲೆ ಎತ್ತದೆ. "ಕಂಪ್ಯೂಟರಿಗೆ ಜಾಗ ಇಕ್ಕಟ್ಟಾಗೇತಿ. ಅದರ ಮಗ್ಗಲದಾಗಿನ ಬುಟ್ಟಿ ಎರಡು ಎತ್ತಿ ಪಡಸಾಲಿಗೆ ಇಡು." ಆಮೇಲೆ ನನ್ನ ಕಡೆ ತಿರುಗಿದಳು. "ನೀ ಏನ್ ನಿಂತು ನೋಡ್ತಿಲೇ? ನಾವಿಬ್ರೂ ವ್ಯಾಪಾರಕ್ಕ ಕುಂತೀವಿ. ಚಾ ಉಕ್ಕಾಕತ್ತೈತಿ, ತೊಗೊಂಡು ಬಾ."

ತೌಸೀಫ್ ಬುಟ್ಟಿ ಎತ್ತಿದ. ನಾನು ಚಾ ಸೋಸಲು ಹೋದೆ. ಅಂದಿನಿಂದ ಇಂದಿನ ತನಕ ಆ ಹೊತ್ತಿನ ಚಾ ನನ್ನ ಪಾಲಿಗೇ ಬಂದಿದೆ.